ಆನ್‌ಲೈನ್ ಅಂಗಡಿಯ ನಕಲು ದೂರು ವಿಭಾಗ: ಫೋಟೊ ವಿಷಯಕ್ಕೆ ಚುರುಕು, ಜಾಡಿ ವಿಷಯಕ್ಕೆ ನಿಧಾನ

ನಮ್ಮ ಸರಕನ್ನು ಯಾರಾದರೂ ನಕಲು ಮಾಡಿ ಮಾರಿದರೆ ದೂರು ಕೊಡಲು ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿ ಬೇರೆಯದೇ ವಿಭಾಗವಿದೆ. ಮನೆಯಲ್ಲೇ ಪುಡಿ, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರಲಿ ಅಂತ ಅದರ ಬಗ್ಗೆ ಬರೀತಿದ್ದೀನಿ. ತಾಣದ ಹೆಸರು ಬೇಡ. ಇಂಥ ತಾಣಗಳಿಗೆಲ್ಲ ಇರುವ ಕಾನೂನು ಒಂದೇ.

ನಮ್ಮದು ಶ್ರೀನಿವಾಸಪುರ. ಸುತ್ತ ಎತ್ತ ನೋಡಿದರೂ ಮಾವಿನ ತೋಪು, ಮನೆಯೊಳಗೆ ಅತ್ತೆಯ ಕೈಯಳತೆಯ ಆವಕಾಯಿ. ಲೇಬಲ್ ಮೇಲಿನ ಚಿತ್ರ ನಾನೇ ಬರೆದದ್ದು, ಜಾಡಿಯ ಫೋಟೊ ನಮ್ಮ ಹಿತ್ತಲಿನ ಚಪ್ಪಡಿ ಕಲ್ಲಿನ ಮೇಲೆ ತೆಗೆದದ್ದು. ಯುಗಾದಿ ಹತ್ತಿರ ಇದ್ದಾಗ ಮೈದುನ ಫೋನ್ ಮಾಡಿ, "ಅತ್ತಿಗೆ, ನಮ್ಮ ಆವಕಾಯಿ ಯಾರಿಗಾದರೂ ಹೋಲ್‌ಸೇಲ್ ಕೊಟ್ಟಿದ್ದೀರಾ? ಇಲ್ಲಿ ಯಾರೋ ಕಮ್ಮಿ ರೇಟಿಗೆ ಮಾರ್ತಿದ್ದಾರೆ" ಅಂದ. ತೆರೆದು ನೋಡಿದರೆ ಅದೇ ಚಪ್ಪಡಿ ಕಲ್ಲು, ಅದೇ ಲೇಬಲ್. ಹಿಗ್ಗಿಸಿ ನೋಡಿದೆ. ನಮ್ಮ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಗಳ ಸಂಖ್ಯೆಯೂ ಹಾಗೇ ಇತ್ತು.

ನನ್ನ ನಿದ್ದೆ ಕೆಡಿಸಿದ್ದು ಆ ಸಂಖ್ಯೆ. ಫೋಟೊ ಕದ್ದರೆ ವ್ಯಾಪಾರಕ್ಕೆ ಪೆಟ್ಟು, ಅಷ್ಟೇ. ಆದರೆ ಆ ಜಾಡಿಯ ಉಪ್ಪಿನಕಾಯಿ ತಿಂದು ಯಾವುದೋ ಊರಿನ ಮಗುವಿಗೆ ವಾಂತಿಯಾದರೆ, ಆಹಾರ ಸುರಕ್ಷತೆಯ ಅಧಿಕಾರಿಗಳು ಆ ಸಂಖ್ಯೆ ಹಿಡಿದು ಬರುವುದು ನಮ್ಮ ಬಾಗಿಲಿಗೇ.

ದೂರಿನ ಫಾರಂ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಕನ್ನಡದ ಜಾಡಿ ಮಾರಿಕೊಳ್ಳುವವರು ದೂರನ್ನೂ ಕನ್ನಡದಲ್ಲಿ ತೆಗೆದುಕೊಳ್ಳಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಟ್ರೇಡ್‌ಮಾರ್ಕ್, ಅಂದರೆ ಸರಕಿನ ಹೆಸರು-ಗುರುತಿನ ಹಕ್ಕಿನ ಕಾಲಂ ಬರುತ್ತದೆ. ಅಲ್ಲಿ ನೋಂದಣಿ ಸಂಖ್ಯೆ ಹಾಕದೆ ಮುಂದಕ್ಕೇ ಹೋಗುವುದಿಲ್ಲ. ನಾವು ಕೋಲಾರದ ಏಜೆಂಟರೊಬ್ಬರ ಮೂಲಕ ಟಿಎಂ-ಎ ಫಾರಂನಲ್ಲಿ, ಉಪ್ಪಿನಕಾಯಿ ಸೇರುವ 29ನೇ ವರ್ಗದಲ್ಲಿ ಅರ್ಜಿ ಹಾಕಿದ್ದೆವು. ಆನ್‌ಲೈನ್‌ನಲ್ಲಿ ಹಾಕಿದರೆ ನಮ್ಮಂಥ ಸಣ್ಣವರಿಗೆ ಶುಲ್ಕ 4,500 ರೂಪಾಯಿ, ದೊಡ್ಡ ಕಂಪನಿಗಳಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಒಪ್ಪಿದ ಮೇಲೂ ಜರ್ನಲ್‌ನಲ್ಲಿ ಪ್ರಕಟಿಸಿ, ಯಾರಾದರೂ ತಕರಾರು ಮಾಡಲಿ ಅಂತ 4 ತಿಂಗಳು ಕಾಯಬೇಕು. ನೋಂದಣಿ ಆಗಿರದ ಹೆಸರಿಗೂ ಟ್ರೇಡ್‌ಮಾರ್ಕ್ ಕಾಯ್ದೆಯ 27ನೇ ಕಲಂನಲ್ಲಿ ರಕ್ಷಣೆ ಇದೆ, ತನ್ನ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವವರ ಮೇಲೆ ದಾವೆ ಹೂಡಬಹುದು. ತಾಣ ಮಾತ್ರ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ದಾರಿ ಸಿಕ್ಕಿದ್ದು ಕಾಪಿರೈಟ್ ಕಾಲಂನಲ್ಲಿ. ಅಲ್ಲಿ ಯಾವ ಸಂಖ್ಯೆಯೂ ಕಡ್ಡಾಯವಿಲ್ಲ. ಫೋಟೊ ತೆಗೆದ, ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಮ್ಮದು, ನೋಂದಣಿ ಬೇಕಾಗಿಲ್ಲ. ಫೋನಿನಲ್ಲಿದ್ದ ಮೂಲ ಫೋಟೊ, ಪೆನ್ಸಿಲ್‌ನಲ್ಲಿ ಬರೆದ ಲೇಬಲ್ ಚಿತ್ರ ಎರಡನ್ನೂ ಹಾಕಿದೆ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಲ್ಲಿ 36 ಗಂಟೆಯ ಗಡುವಿದೆ. ಅದರೊಳಗೇ ಆ ಪುಟ ಮಾಯವಾಯಿತು, ಉತ್ತರವೂ ಸ್ಪಷ್ಟವಾಗಿ ಬಂತು. ಈ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ಒಂದು ಎಚ್ಚರ: 21 ದಿನದೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ತಾಣದವರು ಪುಟವನ್ನು ಮತ್ತೆ ತೆರೆಯಬಹುದು.

ಅವರು ತೆರೆಯುವುದಕ್ಕೆ ಮೊದಲೇ ಅದೇ ಮಾರಾಟಗಾರ ಬೇರೆ ಫೋಟೊ ಹಾಕಿ ಅದೇ ಜಾಡಿಯನ್ನು ಹೊಸ ಪುಟದಲ್ಲಿ ಮಾರತೊಡಗಿದ. ತಾಣದವರನ್ನು ಕೇಳಿದರೆ, "ನಾವು ಮಧ್ಯವರ್ತಿಗಳು, ಸರಕಿಗೆ ಮಾರಾಟಗಾರರೇ ಹೊಣೆ" ಅಂದರು. ಐಟಿ ಕಾಯ್ದೆಯ 79ನೇ ಕಲಂ ಅವರಿಗೆ ಕೊಟ್ಟಿರುವ ಕೊಡೆ ಅದು. ಜನ ಬರೆದದ್ದನ್ನು ತೋರಿಸುವ ತಾಣಕ್ಕೆ ಆ ಕೊಡೆ ಸರಿ. ಆದರೆ ಇಲ್ಲಿ ಗೋದಾಮು ಇವರದು, ಡಬ್ಬಿ ಕಟ್ಟುವವರು ಇವರು, ಪ್ರತಿ ಜಾಡಿಯ ಮೇಲೆ ಕಮಿಷನ್ ಇವರಿಗೆ. 2018ರಲ್ಲಿ ಕ್ರಿಶ್ಚಿಯನ್ ಲುಬುಟಾನ್ ಶೂ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ: ವ್ಯಾಪಾರದಲ್ಲಿ ತಾನೇ ಕೈಹಾಕುವ ತಾಣಕ್ಕೆ ಮಧ್ಯವರ್ತಿಯ ರಕ್ಷಣೆ ತಾನಾಗಿ ಸಿಗುವುದಿಲ್ಲ.

ಪದೇ ಪದೇ ನಕಲು ಮಾರುವವನನ್ನು ಯಾಕೆ ಹೊರಹಾಕುವುದಿಲ್ಲ ಅನ್ನುವುದಕ್ಕೆ ಉತ್ತರ 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ಅಂಥವರ ದಾಖಲೆ ಇಡಲು ತಾಣ ಪ್ರಯತ್ನಿಸಬೇಕು ಅಂತ ಒಂದು ಸಾಲು. ಅವರನ್ನು ತೆಗೆದುಹಾಕಲೇಬೇಕಿಲ್ಲ, ಮನಸ್ಸಿದ್ದರೆ ತೆಗೆಯಬಹುದು ಅಂತ ಅದರ ಬೆನ್ನಿಗೇ ಇನ್ನೊಂದು ಸಾಲು. ಈ ಎರಡನೇ ಸಾಲು ಬದಲಾಗಬೇಕು. ತಿನ್ನುವ ವಸ್ತುವಿನ ವಿಷಯದಲ್ಲಂತೂ ಬದಲಾಗಲೇಬೇಕು.

ಅದೇ ನಿಯಮಗಳಲ್ಲಿ ನಮಗೆ ಕೆಲಸಕ್ಕೆ ಬಂದ ಮಾತೂ ಇದೆ. ಸರಕು ಕೊಂಡ ಗ್ರಾಹಕ ಬರೆದು ಕೇಳಿದರೆ ಮಾರಾಟಗಾರನ ವಿಳಾಸವನ್ನು ತಾಣ ಕೊಡಬೇಕು. ಹಾಗಾಗಿ ಮೈದುನ ಒಂದು ಜಾಡಿ ತರಿಸಿ, ತಾಣದ ಕುಂದುಕೊರತೆ ಅಧಿಕಾರಿಗೆ ಬರೆದ. ದೂರು ತಲುಪಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ದೂರು ತಲುಪಿತು ಅನ್ನುವ ಉತ್ತರ ಬೇಗ ಬಂತು, ವಿಳಾಸ ಬಂದದ್ದು ತಿಂಗಳ ಕೊನೆಗೆ, ಅದೂ ಬೇರೆ ರಾಜ್ಯದ್ದು. ಬಂದ ಜಾಡಿಯನ್ನು ಬಿಚ್ಚದೆ ಸಾಕ್ಷಿಗೆ ಇಟ್ಟಿದ್ದೇವೆ. ಗಾಜಿನ ಹೊರಗಿಂದಲೇ ಅತ್ತೆ ನೋಡಿ, "ಹೋಳಿನ ಮೇಲೆ ಎಣ್ಣೆ ನಿಂತಿಲ್ಲ ಕಣಮ್ಮ, ಇದಕ್ಕೆ ಬೂಸ್ಟು ಬರುತ್ತೆ" ಅಂದರು.

ಜಾಡಿಯ ಫೋಟೊ, ಬಿಲ್ಲು ಸೇರಿಸಿ ಕೋಲಾರದ ಆಹಾರ ಸುರಕ್ಷತೆಯ ಅಂಕಿತಾಧಿಕಾರಿಯವರಿಗೆ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ನಾಳೆ ಯಾರಾದರೂ ದೂರಿದರೆ ನಮ್ಮ ಕೈಯಲ್ಲಿರುವ ಕಾಗದ ಅದು. ದಾವೆಗೂ ದೂರ ಹೋಗಬೇಕಿಲ್ಲ. ಕಾಪಿರೈಟ್ ಕಾಯ್ದೆಯ 62ನೇ ಕಲಂ ಪ್ರಕಾರ ಹಕ್ಕುದಾರರು ತಾವಿರುವ ಜಿಲ್ಲೆಯಲ್ಲೇ ಹೂಡಬಹುದು.

ಒಟ್ಟಾರೆ ಈ ಸೇವೆಗೆ ಐದಕ್ಕೆ ಮೂರು. ಎಫ್‌ಎಸ್‌ಎಸ್‌ಎಐ ಸಂಖ್ಯೆ ಕದ್ದಿದ್ದಾರೆ ಅನ್ನಲು ಒಂದು ಕಾಲಂ ಸೇರಿಸಿ, ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಅಂತ ಸರ್ಕಾರಿ ಜಾಲತಾಣದಲ್ಲಿ ನೋಡಿದರೆ ಇನ್ನೊಂದು ಅಂಕ ಸಂತೋಷವಾಗಿ ಕೊಡುತ್ತೇನೆ. ದೂರು ಕೊಡುವವರು ವಾಟ್ಸಾಪ್‌ನಲ್ಲಿ ಓಡಾಡಿದ ಫೋಟೊ ಹಾಕಬೇಡಿ. ಅದರಲ್ಲಿ ತೆಗೆದ ದಿನಾಂಕದ ವಿವರ ಅಳಿಸಿಹೋಗಿರುತ್ತದೆ, ಫೋನಿನಲ್ಲಿರುವ ಮೂಲ ಫೈಲನ್ನೇ ಹಾಕಿ.