ಕಪ್ಪಗಿದ್ದ ಮಾತ್ರಕ್ಕೆ ಕರೆಂಟ್ ಹರಿಯುವುದಿಲ್ಲ, ನನ್ನ ಹಾಗೆ ಮೋಸ ಹೋಗಬೇಡಿ

ಕಂಡಕ್ಟಿವ್ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ಗೆ ಬೆರೆಸಿದರೆ ಅದರಲ್ಲಿ ಕರೆಂಟ್ ಹರಿಯುವಂತೆ ಮಾಡುವ, ಕಾರ್ಬನ್ ತುಂಬಿದ ಕಾಳು) ಅಂತ ಹೇಳಿ ನನಗೆ ಬರೀ ಬಣ್ಣದ ಕಾಳು ಮಾರಿದ್ದಾರೆ. ಎರಡು ಚೀಲ. ದುಡ್ಡು ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟುವ ವಿದ್ಯುತ್) ನಿಲ್ಲದಂಥ ಟ್ರೇ ಮಾಡಬೇಕಿತ್ತು, ಸಾದಾ ಪಾಲಿಎಥಿಲೀನ್‌ನಲ್ಲಿ. ಅವರು ಒಂದು ಸ್ಯಾಂಪಲ್ ಹಾಳೆ ಕಳಿಸಿದರು. ಮಲ್ಟಿಮೀಟರ್ ಇಟ್ಟೆ. ಕೆಲವೇ ಸಾವಿರ ಓಮ್, ಅಂದರೆ ಕರೆಂಟ್ ಚೆನ್ನಾಗಿ ಹರಿಯುತ್ತಿದೆ! ಆರ್ಡರ್ ಕೊಟ್ಟುಬಿಟ್ಟೆ.

"ನೂರಕ್ಕೆ 5 ಭಾಗ ಹಾಕಿ ಸರ್, ಸಾಕು" ಅಂದರು. ಅಲ್ಲೇ ಅನುಮಾನ ಬರಬೇಕಿತ್ತು. ಕಾರ್ಬನ್ ಬ್ಲಾಕ್ (ಮಸಿಯಂಥ ಕರಿ ಪುಡಿ) ಕಣಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ಸರಪಳಿಯಾದರೆ ತಾನೇ ಕರೆಂಟ್ ಹರಿಯುವುದು? ಬಣ್ಣಕ್ಕೆ 2–3% ಧಾರಾಳ. ಕರೆಂಟ್ ಹರಿಯಲು ಮಾಮೂಲಿ ಕಾರ್ಬನ್ ಎಷ್ಟೋ ಸಲ 20% ದಾಟಬೇಕು. ಮಾಸ್ಟರ್‌ಬ್ಯಾಚ್‌ನಲ್ಲಿ ಅರ್ಧಕ್ಕರ್ಧ ಪ್ಲಾಸ್ಟಿಕ್ಕೇ ಇರುತ್ತದೆ, ಅಂದರೆ 5 ಭಾಗ ಹಾಕಿದರೆ ಕಾರ್ಬನ್ ಸುಮಾರು ಎರಡೂವರೆ ಭಾಗ ಅಷ್ಟೇ. ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹಾಳೆ ನೋಡಿ ಮರುಳಾದೆ. ನ್ಯಾನೊಟ್ಯೂಬ್ (ಕಾರ್ಬನ್‌ನ ಅತಿ ಸಣ್ಣ ಕೊಳವೆ, ತುಂಬ ದುಬಾರಿ) ಇರಬಹುದು, ಅದು 1–2%ಗೇ ಕೆಲಸ ಮಾಡುತ್ತದಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಬೆಲೆಗೆ ನ್ಯಾನೊಟ್ಯೂಬ್!

ಟ್ರೇ ಕಪ್ಪಗೆ, ಚಂದವಾಗಿಯೇ ಬಂತು. ಕರೆಂಟ್ ಮಾತ್ರ ಹರಿಯಲಿಲ್ಲ, ಮೀಟರ್‌ನಲ್ಲಿ ಏನೂ ಇಲ್ಲ. 10 ಭಾಗ ಹಾಕಿದೆ, 20 ಹಾಕಿದೆ. ಏನೂ ಇಲ್ಲ.

ಫೋನ್ ಮಾಡಿದರೆ "ನಿಮ್ಮ ಮೀಟರ್ ಸರಿಯಿಲ್ಲ ಸರ್". ಆಮೇಲೆ "ಮಿಕ್ಸ್ ಆಗಿಲ್ಲ, ಇನ್ನೆರಡು ಸಲ ಕರಗಿಸಿ ಬೆರೆಸುವ ಎಕ್ಸ್‌ಟ್ರೂಡರ್‌ಗೆ ಹಾಕಿ". ಜಾಸ್ತಿ ಅರೆದರೆ ಆ ಸರಪಳಿಯೇ ಮುರಿಯುತ್ತದೆ, ಸ್ವಾಮಿ! ಆಮೇಲೆ "ಮೇಲೆ ಬರೀ ಪ್ಲಾಸ್ಟಿಕ್ ಪದರ ಬಂದಿರುತ್ತದೆ, ಕೆರೆದು ನೋಡಿ". ಇದೊಂದು ಮಾತು ಆಗುವಂಥದ್ದೇ. ಕೆರೆದೆ. ಕತ್ತರಿಸಿ, ಅಂಚಿಗೆ ಕರೆಂಟ್ ಹರಿಯುವ ಸಿಲ್ವರ್ ಪೇಂಟ್ ಹಚ್ಚಿ ಅಳೆದೆ. ಏನೂ ಇಲ್ಲ.

ಕೊನೆಗೆ ಅವರದೇ ಸ್ಯಾಂಪಲ್ ಹಾಳೆ ತೆಗೆದೆ. ಬೆರಳಿಗೆ ಬೂದು ಹೊಳಪು ಅಂಟಿತು. ಎದೆ ಧಸಕ್ಕೆಂದಿತು. ಸ್ಪಿರಿಟ್ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಮೀಟರ್ ಗಪ್‌ಚುಪ್. ಗ್ರಾಫೈಟ್ ಪುಡಿ ಉಜ್ಜಿ ಕಳಿಸಿದ್ದರು! ಮಕ್ಕಳು ಪೆನ್ಸಿಲ್ ಗೀಟಿನ ಮೇಲೆ ಎಲ್‌ಇಡಿ ಬಲ್ಬ್ ಹೊತ್ತಿಸಿ ಆಡುತ್ತಾರಲ್ಲ, ಅದೇ ಆಟ.

ಕೇಳಿದ್ದಕ್ಕೆ "ಅದು ಪಾಲಿಶ್ ಸರ್, ಯಾಕೆ ಒರೆಸಿದಿರಿ?" ನಾನೇ ತಪ್ಪು ಮಾಡಿದ ಹಾಗೆ! ಈಗ ಫೋನೇ ಎತ್ತುವುದಿಲ್ಲ.

ಸ್ಯಾಂಪಲ್ ಬಂದರೆ ಮೊದಲು ಒರೆಸಿ, ಕತ್ತರಿಸಿ, ಒಳಗಡೆ ಅಳೆಯಿರಿ. ಬರೀ ಕಾಳು ಅಳೆದು ನಂಬಬೇಡಿ, ಅದರಲ್ಲಿ ಕಾರ್ಬನ್ ತುಂಬಿರುವುದರಿಂದ ಬಣ್ಣದ ಕಾಳೂ ಕರೆಂಟ್ ಬಿಡಬಹುದು. ಅವರು ಹೇಳಿದಷ್ಟೇ ಬೆರೆಸಿ, ಅಳೆದು, ಆಮೇಲೆ ದುಡ್ಡು ಕೊಡಿ. ಸರ್ ಸರ್ ಅಂತ ಜಾಸ್ತಿ ಅಂದರೆ ಕೊಡಲೇಬೇಡಿ.

ಚೀಲ ಎರಡೂ ಮೂಲೆಯಲ್ಲಿವೆ. ಕಪ್ಪು ಬಕೆಟ್ ಮಾಡುವವರಿದ್ದರೆ ಹೇಳಿ.