ಟೆಂಪೋದಲ್ಲಿ ಬರುವ ಕಸಿ ಗಿಡ: ಕವರ್ ಬಿಚ್ಚಿ ಬೇರು ನೋಡದೆ ದುಡ್ಡು ಕೊಡಬೇಡಿ

ಮುಂಗಾರು ಹಿಡಿಯಿತೆಂದರೆ ತುಮಕೂರಿನ ಬಡಾವಣೆಗಳಲ್ಲಿ ಗಿಡದ ಟೆಂಪೋಗಳು ಸುತ್ತಾಡತೊಡಗುತ್ತವೆ. ಮೈಕಿನಲ್ಲಿ ಕೂಗು, ಎರಡೂ ಕಡೆ ಫ್ಲೆಕ್ಸು, ಫ್ಲೆಕ್ಸಿನ ತುಂಬ ನೆಲ ಮುಟ್ಟುವಂತೆ ಕಾಯಿ ಬಿಟ್ಟ ಗಿಡಗಳ ಫೋಟೋ. ಅಂಥ ಒಂದು ಟೆಂಪೋದಿಂದ ನಮ್ಮ ಬೀದಿಯವರು ಸಾಲಾಗಿ ಗಿಡ ಕೊಂಡೆವು. ನಮ್ಮ ಮನೆಗೆ ಬಂದದ್ದು ತೈವಾನ್ ಪಿಂಕ್ ಸೀಬೆ, ಸಿದ್ದು ಹಲಸು, ಕೆಂಪು ಜಪಾನ್ ಮಾವು, ಜೊತೆಗೆ ಒಂದಿಷ್ಟು ದಾಸವಾಳ ಮತ್ತು ಗುಲಾಬಿ. ಇವುಗಳಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ, ಈ ಸಲ ಟೆಂಪೋ ನಿಮ್ಮ ಬೀದಿಗೆ ಬರುವ ಮೊದಲೇ ಓದಿಕೊಂಡರೆ ಒಳ್ಳೆಯದು.

ಹಲಸಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಮೋಸ ಕಣ್ಣಿಗೆ ಕಂಡದ್ದು ಅದರಲ್ಲೇ. ಸಿದ್ದು ನಮ್ಮ ಜಿಲ್ಲೆಯದೇ ಹಲಸು, ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದ್ದು. ತಾಮ್ರಗೆಂಪು ತೊಳೆ, ಒಂದು ಮನೆಗೆ ಸಾಕಾಗುವಷ್ಟು ಚಿಕ್ಕ ಹಣ್ಣು. ಹಲಸಿನಲ್ಲಿ ಬೀಜದ ಗಿಡ ತಾಯಿಯ ಗುಣ ಉಳಿಸಿಕೊಳ್ಳುವುದಿಲ್ಲ. ಸಿದ್ದು ಬೇಕೆಂದರೆ ಆ ಮರದ ಕುಡಿಯನ್ನೇ ಕಸಿ ಮಾಡಬೇಕು. ಟೆಂಪೋದವನು ಕೊಟ್ಟ ಗಿಡದ ಕಾಂಡಕ್ಕೂ ನೆಲದಿಂದ ಒಂದು ಗೇಣು ಮೇಲೆ ಬಿಳಿ ಪ್ಲಾಸ್ಟಿಕ್ ಟೇಪ್ ಸುತ್ತಿತ್ತು. "ಅಕ್ಕಾ, ಕಸಿ ಕಟ್ಟಿರೋದು ಇಲ್ಲೇ, ನೋಡಿ" ಅಂತ ಬೆರಳಿಟ್ಟು ತೋರಿಸಿಯೂ ಕೊಟ್ಟ.

ಕಸಿ ಕೂಡಿದ ಮೇಲೆ ಆ ಟೇಪನ್ನು ಬಿಚ್ಚಬೇಕು, ಇಲ್ಲದಿದ್ದರೆ ಕಾಂಡವನ್ನು ಬಿಗಿದು ಕತ್ತು ಹಿಸುಕುತ್ತದೆ. ಗಿಡ ಚಿಗುರಿ ನಿಂತ ಮೇಲೆ ಬ್ಲೇಡಿನಲ್ಲಿ ಗೀರಿ ಬಿಚ್ಚಿದೆ. ಒಳಗೆ ಏನೂ ಇಲ್ಲ! ಕೊಯ್ದ ಗುರುತಿಲ್ಲ, ಗಾಯ ಮಾಗಿದ ಉಬ್ಬಿಲ್ಲ. ಟೇಪಿನ ಕೆಳಗಿನ ತೊಗಟೆಯೇ ಅದೇ ಬಣ್ಣ, ಅದೇ ದಪ್ಪದಲ್ಲಿ ಮೇಲಕ್ಕೆ ಹೋಗಿದೆ. ಎಲೆ ಉದುರಿದ ಹಳೇ ಕಲೆ ಕೂಡ ಟೇಪಿನಡಿ ಹಾಗೇ ಇತ್ತು. ಬೀಜದ ಸಸಿಗೆ ಸುಮ್ಮನೆ ಟೇಪ್ ಸುತ್ತಿ ಕಸಿಯ ಬೆಲೆಗೆ ಮಾರಿದ್ದಾನೆ. ನಿಜವಾದ ಕಸಿಯಲ್ಲಿ ಓರೆಯಾಗಿಯೋ ಇಂಗ್ಲಿಷಿನ ವಿ ಅಕ್ಷರದ ಹಾಗೋ ಕೊಯ್ದ ಗೆರೆ ವರ್ಷಗಟ್ಟಲೆ ಕಾಣುತ್ತದೆ; ಕೆಳಗಿನ ಕಾಂಡ ಒಂದು ಬಣ್ಣ, ಮೇಲಿನದು ಇನ್ನೊಂದು ಬಣ್ಣ ಇರುವುದೇ ಹೆಚ್ಚು. ಬೀಜದ ಹಲಸು ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಇವರ ವ್ಯಾಪಾರ ನಡೆಯುವುದೇ ಈ ಲೆಕ್ಕದ ಮೇಲೆ. ಮೋಸ ಗೊತ್ತಾಗುವ ಹೊತ್ತಿಗೆ ಟೆಂಪೋ ಎಲ್ಲಿ, ಅವನೆಲ್ಲಿ.

ಜಪಾನ್ ಮಾವಿನ ವಿಷಯ ಜಾಸ್ತಿ ಎಳೆಯುವುದಿಲ್ಲ. ಕೆಜಿಗೆ ಎರಡೂವರೆ ಲಕ್ಷ ಅಂತ ಪೇಪರಿನಲ್ಲಿ ಬಂದದ್ದನ್ನು ಫ್ಲೆಕ್ಸಿಗೆ ಅಂಟಿಸಿಕೊಂಡಿದ್ದ. ಜಪಾನಿನ ಮಿಯಾಝಾಕಿ ಪ್ರಾಂತ್ಯದಲ್ಲಿ ಬೆಳೆಯುವುದು ಇರ್ವಿನ್ ತಳಿ, ಮೂಲ ಅಮೆರಿಕದ ಫ್ಲಾರಿಡಾ. ಅಲ್ಲಿ ಹಸಿರುಮನೆಯೊಳಗೆ ಒಂದೊಂದು ಹಣ್ಣಿಗೂ ಬಲೆ ಕಟ್ಟಿ ಬೆಳೆಸಿ, ಕನಿಷ್ಠ 350 ಗ್ರಾಂ ತೂಕ, ಬ್ರಿಕ್ಸ್ ಅನ್ನುವ ಸಕ್ಕರೆಯ ಅಳತೆಯಲ್ಲಿ 15 ಡಿಗ್ರಿ ಸಿಹಿ ಇದ್ದದ್ದನ್ನು ಮಾತ್ರ ಆರಿಸಿ ವಿಶೇಷ ಹೆಸರಿನಲ್ಲಿ ಹರಾಜಿಗೆ ಇಡುತ್ತಾರೆ. ಬೆಲೆ ಬರುವುದು ಆ ಆರೈಕೆಗೆ, ಆ ಆಯ್ಕೆಗೆ. ಅಸಲಿ ಇರ್ವಿನ್ ಗಿಡವೇ ಸಿಕ್ಕರೂ ನಮ್ಮ ಹಿತ್ತಲಿನ ಹಣ್ಣಿಗೆ ಲಕ್ಷ ಕೊಡುವವರು ಯಾರೂ ಇಲ್ಲ. ನಮಗೆ ಕೊಟ್ಟದ್ದಂತೂ ಯಾವ ತಳಿಯೋ, ದೇವರೇ ಬಲ್ಲ.

ಎದುರು ಮನೆ ಆಂಟಿಗೆ ರಂಬೂಟಾನ್ ಅಂಟಿಸಿದ್ದು ಇನ್ನೂ ದೊಡ್ಡ ಅನ್ಯಾಯ. ರಂಬೂಟಾನಿಗೆ ಬೇಕಾದದ್ದು ಮಲೆನಾಡು, ಕರಾವಳಿಯ ತೇವದ ಗಾಳಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಎಲೆಯ ಅಂಚು ಸುಟ್ಟು ಮುದುರುತ್ತದೆ. ಅದೂ ಬೀಜದ ಗಿಡ. ರಂಬೂಟಾನ್ ಬೀಜದ ಗಿಡಗಳಲ್ಲಿ ಸುಮಾರು ಅರ್ಧ ಗಂಡು ಗಿಡಗಳಾಗುತ್ತವೆ, ಅವು ಹೂ ಬಿಡುತ್ತವೆಯೇ ಹೊರತು ಒಂದು ಹಣ್ಣೂ ಕೊಡುವುದಿಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಬಂದ ಅರ್ಕಾ ಕೂರ್ಗ್ ಅರುಣ್‌ನಂಥ ತಳಿಯನ್ನೂ ಕಸಿ ಮಾಡಿಯೇ ಬೆಳೆಸಬೇಕು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂದುಕೊಂಡು ಸುಮ್ಮನಾಗಬಹುದಿತ್ತು. ತೋಟಕ್ಕೇ ಕುತ್ತು ತಂದದ್ದು ಸೀಬೆ ಗಿಡ. ಅದು ಕವರಿನಲ್ಲಿದ್ದಾಗಲೇ ಎರಡು ಕಾಯಿ ಹೊತ್ತಿತ್ತು, ನೆಟ್ಟ ವರ್ಷವೇ ಹಣ್ಣು ಕೊಟ್ಟಿತು, ಮಕ್ಕಳೆಲ್ಲ ಖುಷಿಪಟ್ಟು ತಿಂದರು. ಮುಂದಿನ ಬೇಸಿಗೆಗೆ ಎಲೆ ಹಳದಿಯಾಗಿ, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗಿತು. ನೀರು ಹಾಕಿದರೂ ಮಧ್ಯಾಹ್ನಕ್ಕೆ ಬಾಡುವುದು. ಕಾಯಿ ನಿಂಬೆ ಗಾತ್ರದಲ್ಲೇ ಗಟ್ಟಿಯಾಗಿ ನಿಂತಿತು. ಪಕ್ಕದ ಪಾತಿಯ ಬದನೆ, ಟೊಮೆಟೊ ಕೂಡ ಗೇಣುದ್ದ ಬೆಳೆದು ನಿಂತುಬಿಟ್ಟವು. ಅಂಗಡಿಯಲ್ಲಿ ಕೇಳಿದರೆ ಜಿಂಕ್ ಕೊಟ್ಟರು, ಹಾಕಿದ್ದಾಯಿತು, ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ಬುಡ ಅಗೆದು ನೋಡಿದರೆ ನೀರು ಹೀರುವ ಸಣ್ಣ ಬೇರುಗಳೇ ಇಲ್ಲ. ಇರುವ ಬೇರೆಲ್ಲ ಶುಂಠಿ ಕೊಂಬಿನಂತೆ ಗಂಟುಗಂಟಾಗಿ ಊದಿಕೊಂಡಿವೆ. ಬದನೆ ಗಿಡ ಕಿತ್ತರೆ ಅದರ ಬೇರಿನಲ್ಲೂ ಅವೇ ಗಂಟು. ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದ್ದಕ್ಕೆ ನೋಡಿದ ಕೂಡಲೇ ಹೇಳಿದರು, ಬೇರುಗಂಟು ಜಂತುಹುಳು, ಅಂದರೆ ನೆಮಟೋಡ್. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು, ಬೇರಿನೊಳಗೆ ಕೂತು ಮೊಟ್ಟೆ ಇಡುತ್ತದೆ. ಸೀಬೆಗೆ ಬರುವ ಒಂದು ಜಾತಿಯಂತೂ ದಕ್ಷಿಣ ಭಾರತದ ತೋಟಗಳಿಗೆ ಹೆಚ್ಚಾಗಿ ಹಬ್ಬಿರುವುದೇ ನರ್ಸರಿ ಸಸಿಗಳ ಮಣ್ಣಿನ ಜೊತೆ. ಬೇರಿನಲ್ಲಿ ಹುಳು ಮಾಡಿದ ಗಾಯದಿಂದ ಸೊರಗು ರೋಗದ ಶಿಲೀಂಧ್ರವೂ ಒಳಹೊಕ್ಕರೆ ಗಿಡ ನಿಂತಲ್ಲೇ ಒಣಗುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಅವರೆ, ತೊಗರಿ, ಕಡಲೆಕಾಯಿ ಬೇರಿನಲ್ಲೂ ಗಂಟಿರುತ್ತದೆ, ಅದು ಸಾರಜನಕ ಹಿಡಿಯುವ ಒಳ್ಳೆಯ ಗಂಟು. ಉಗುರಿನಲ್ಲಿ ತಳ್ಳಿದರೆ ಕಳಚಿ ಬೀಳುತ್ತದೆ, ಒಡೆದರೆ ಒಳಗೆ ನಸುಗೆಂಪು. ಜಂತುಹುಳುವಿನ ಗಂಟು ಕಳಚುವುದಿಲ್ಲ, ಯಾಕೆಂದರೆ ಅಲ್ಲಿ ಊದಿರುವುದು ಬೇರಿನ ಭಾಗವೇ.

ಔಷಧಿ ಅಂಗಡಿಯಲ್ಲಿ ಇದಕ್ಕೆ ಕಾರ್ಬೋಫ್ಯುರಾನ್ ಹರಳು ಹಾಕಿ ಅನ್ನುತ್ತಾರೆ. ಮಕ್ಕಳು ಓಡಾಡುವ, ಸೊಪ್ಪು ಕಿತ್ತು ತಿನ್ನುವ ಹಿತ್ತಲಿಗೆ ಅಂಥ ಘೋರ ವಿಷವನ್ನು ನಾನು ತರಲಿಲ್ಲ, ನೀವೂ ತರಬೇಡಿ. ಸೀಬೆ ಗಿಡವನ್ನು ಬೇರು ಸಮೇತ ಕಿತ್ತು ಒಣಗಿಸಿ ಸುಟ್ಟೆವು; ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಬಿರುಬೇಸಿಗೆಯಲ್ಲಿ ನೆಲ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಬಿಟ್ಟೆವು. ಹೀಗೆ ನಾಲ್ಕರಿಂದ ಆರು ವಾರ ಬಿಸಿಲು ಕುಡಿಸಿದರೆ ಮೇಲ್ಮಣ್ಣಿನ ಹುಳು ಕಡಿಮೆಯಾಗುತ್ತದೆ, ಆಳದಲ್ಲಿದ್ದದ್ದು ಉಳಿಯುತ್ತದೆ. ಆಮೇಲೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿದ ಟ್ರೈಕೋಡರ್ಮ ಅನ್ನುವ ಉಪಕಾರಿ ಶಿಲೀಂಧ್ರ, ಇಡೀ ಪಾತಿಗೆ ಒತ್ತೊತ್ತಾಗಿ ಚೆಂಡುಹೂ. ಪೂರ್ತಿ ಹೋಗಿದೆ ಅಂತ ಹೇಳಲಾರೆ. ಆ ಗುಣಿಯಲ್ಲಿ ಮತ್ತೆ ಸೀಬೆ ನೆಡುವಂತಿಲ್ಲ, ಆ ಮೂಲೆಯ ಮಲ್ಲಿಗೆ ಬಳ್ಳಿಯ ಸಸಿ ಕೇಳಿದವರಿಗೂ ಕೊಡುತ್ತಿಲ್ಲ. ಗುದ್ದಲಿಯನ್ನು ತೊಳೆಯದೆ ಬೇರೆ ಪಾತಿಗೆ ಒಯ್ಯುವುದಿಲ್ಲ.

ಹೂವಿನ ಗಿಡಗಳ ಕಥೆ ಬೇರೆ. ದಾಸವಾಳ, ಗುಲಾಬಿಯ ಬುಡದಲ್ಲಿದ್ದದ್ದು ಉಂಡೆ ಕಟ್ಟಿದ ಅಂಟು ಜೇಡಿಮಣ್ಣು. ದೂರದಿಂದ ಸಾಗಿಸುವಾಗ ಒಡೆಯಬಾರದೆಂದು ಹಾಗೆ ಕಟ್ಟುತ್ತಾರೆ. ನಮ್ಮ ಕೆಂಪು ಮಣ್ಣಿಗೆ ಇಟ್ಟರೆ ಆ ಉಂಡೆ ಒಣಗಿ ಕಲ್ಲಾಗುತ್ತದೆ, ನೀರು ಪಕ್ಕದಿಂದ ಇಳಿದುಹೋಗುತ್ತದೆ, ಬೇರು ಒಳಗೇ ಸುತ್ತುತ್ತದೆ. ಒಣಗಿದ ಗುಲಾಬಿ ಕಿತ್ತಾಗ ಉಂಡೆ ನೆಟ್ಟ ದಿನದ ಆಕಾರದಲ್ಲೇ ಹೊರಬಂತು. ಉಳಿದ ದಾಸವಾಳವನ್ನು ಮಳೆಗಾಲದಲ್ಲಿ ಬಕೆಟ್ ನೀರಿನಲ್ಲಿ ನೆನೆಸಿ, ಜೇಡಿ ಕರಗಿಸಿ ಮತ್ತೆ ನೆಟ್ಟದ್ದಕ್ಕೆ ಚಿಗುರಿದವು. ಮಾವು, ನಿಂಬೆಗೆ ಈ ಸಾಹಸ ಬೇಡ, ಬೇರು ಬರಿದಾದರೆ ತಡೆಯುವುದಿಲ್ಲ. ನೀಲಿ ಗುಲಾಬಿ ಬೀಜ ಆನ್‌ಲೈನಿನಲ್ಲಿ ತರಿಸುವ ಯೋಚನೆ ಇದ್ದವರು ಅದನ್ನೂ ಕೈಬಿಡಿ. ಗುಲಾಬಿಯಲ್ಲಿ ಆ ಕಡುನೀಲಿ ಇಲ್ಲವೇ ಇಲ್ಲ, ಫೋಟೋದಲ್ಲಿರುವುದು ಬಣ್ಣದ ನೀರು ಕುಡಿಸಿದ ಹೂವು.

ಟೆಂಪೋದವನು "ಕಡಿಯಂ ಮಾಲು" ಅಂದಿದ್ದ, ಕಡಿಯಂ ಅಂದರೆ ನರ್ಸರಿಗಳಿಗೆ ಹೆಸರಾದ ಆಂಧ್ರದ ಊರು. ಅಲ್ಲಿಂದಲೇ ಬಂದದ್ದು ಅನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ, ನಮಗೆ ಬಿಲ್ಲೂ ಕೊಡಲಿಲ್ಲ, ಫ್ಲೆಕ್ಸಿನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಬಿಲ್ ಇದ್ದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದಿತ್ತು. ಯಾರ ಹತ್ತಿರ ಕೊಂಡರೂ ಟೇಪಿನ ಮೇಲೆ ಕೆಳಗೆ ತೊಗಟೆ ನೋಡಿ, ಒಂದು ಕವರ್ ಸೀಳಿಸಿ ಬೇರು ನೋಡಿ. ಬೇರು ತೋರಿಸಲು ಒಪ್ಪದವನ ಹತ್ತಿರ ಚೌಕಾಸಿಯೇ ಬೇಡ. ತುಮಕೂರಿನವರಿಗೆ ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಹತ್ತಿರ, ಬೆಂಗಳೂರಿನವರಿಗೆ ಹೆಸರಘಟ್ಟ. ಉಳಿದ ಕಡೆ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿವೆ. ಬೇಕಾದ ಗಿಡ ಹೋದ ದಿನವೇ ಸಿಗುತ್ತದೆ ಅನ್ನುವಂತಿಲ್ಲ, ಸಿದ್ದುವಿಗಂತೂ ಬೇಡಿಕೆ ಬಹಳ. ಫೋನ್ ಮಾಡಿ ಕೇಳಿಕೊಂಡೇ ಹೋಗಿ.