ಹೊಟ್ಟೆ ನೋಡಿ ಬೆಕ್ಕಿನ ಮರಿ ತರಬೇಡಿ, ಬೆನ್ನು ಮುಟ್ಟಿ ನೋಡಿ

ಬೆಕ್ಕಿನ ಮರಿ ತರೋ ಯೋಚನೆ ಇದ್ದರೆ ಇದನ್ನೊಮ್ಮೆ ಓದಿಬಿಡಿ. "ಎರಡು ತಿಂಗಳ ಮರಿ, ಗುಂಡುಗುಂಡಗಿದೆ, ತೂಕವೂ ಸರಿಯಾಗಿದೆ" ಅಂತ ಹೇಳಿ ಮಾರುವವರೊಬ್ಬರು ನಮಗೊಂದು ಮರಿ ಕೊಟ್ಟರು. ಅದಕ್ಕೆ ಎರಡು ತಿಂಗಳಲ್ಲ. ಹೊಟ್ಟೆ ಗುಂಡಗಿದ್ದದ್ದು ತಿಂದಿದ್ದರಿಂದಲೂ ಅಲ್ಲ. ಇನ್ನು ತೂಕದ ಮಾತು, ಮೋಸ ಅಡಗಿದ್ದೇ ಅಲ್ಲಿ.

ಮೊದಲು ಕಳಿಸಿದ ಫೋಟೋಗಳೆಲ್ಲ ಪಕ್ಕದಿಂದ ತೆಗೆದವು. ಹೊಟ್ಟೆ ಎದ್ದು ಕಾಣುತ್ತಿತ್ತು, ಮುದ್ದಾಗಿಯೇ ಇತ್ತು. ಮನೆಗೆ ತಂದ ಸಂಜೆ ಅಡುಗೆಮನೆಯ ಡಿಜಿಟಲ್ ಸ್ಕೇಲ್ ಮೇಲೆ ಒಂದು ಡಬ್ಬಿ ಇಟ್ಟು, ಸೊನ್ನೆಗೆ ತಂದು, ಮರಿಯನ್ನು ಅದರೊಳಗೆ ಕೂರಿಸಿದೆವು. 910 ಗ್ರಾಂ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಹೆಚ್ಚುಕಮ್ಮಿ ಇನ್ನೊಂದು 100 ಗ್ರಾಂ ಏರುತ್ತಾ ಹೋಗಬೇಕು. ಆ ಲೆಕ್ಕದಲ್ಲಿ 8 ವಾರದ ಮರಿಗೆ 910 ಗ್ರಾಂ ಚೆನ್ನಾಗೇ ಇದೆ, ಅಲ್ವಾ?

ಆದರೆ ಎತ್ತಿಕೊಂಡಾಗಲೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಹೊಟ್ಟೆ ಗಾಳಿ ತುಂಬಿದ ಚೆಂಡಿನ ಹಾಗೆ ಬಿಗಿ. ಬೆನ್ನ ಮೇಲೆ ಬೆರಳು ಆಡಿಸಿದರೆ ಮೂಳೆಯ ಒಂದೊಂದು ಗಂಟೂ ಬೇರೆಬೇರೆಯಾಗಿ ಸಿಗುತ್ತದೆ, ಸೊಂಟದ ಎರಡೂ ಮೂಳೆ ಚೂಪಾಗಿ ಚುಚ್ಚುತ್ತವೆ. ಉದ್ದ ಕೂದಲಿನ ಮರಿಯಾದ್ದರಿಂದ ಕಣ್ಣಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತಿತ್ತು. ಕೊಟ್ಟವರಿಗೆ ಫೋನ್ ಮಾಡಿದರೆ, "ಮರಿಗಳು ಹಾಗೇ ಇರ್ತವೆ, ಹೊಟ್ಟೆ ನೋಡಿ, ಎಷ್ಟು ಚೆನ್ನಾಗಿ ತಿಂದಿದೆ" ಅಂದರು.

ಡಾಕ್ಟರ್ ಸ್ಕೇಲ್ ಕಡೆ ಆಮೇಲೆ ಹೋದರು, ಮೊದಲು ನೋಡಿದ್ದು ಬಾಯಿ. ಮೇಲ್ದುಟಿ ಎತ್ತಿ ಮುಂದಿನ ಪುಟ್ಟ ಹಲ್ಲುಗಳನ್ನು ತೋರಿಸಿದರು. ನಡುವಿನ ಎರಡು ಹಲ್ಲು ದೊಡ್ಡವು, ಆಗಷ್ಟೇ ಮೇಲೆ ಬಂದಂತಿದ್ದವು. ಅಕ್ಕಪಕ್ಕದವು ಇನ್ನೂ ಅಕ್ಕಿನುಚ್ಚಿನಷ್ಟು. ಎರಡು ತಿಂಗಳ ಮರಿಯ ಬಾಯಲ್ಲಿ ಹಾಲುಹಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಮುಂದಿನ ಹಲ್ಲು ಬಿದ್ದು ಹೊಸದು ಬರುವುದು ಮೂರೂವರೆ, ನಾಲ್ಕು ತಿಂಗಳ ಹೊತ್ತಿಗೆ. ಹೊಟ್ಟೆಗಿಲ್ಲದೆ ಮೈ ಬೆಳೆಯದಿದ್ದರೂ ಹಲ್ಲು ಸಾಮಾನ್ಯವಾಗಿ ತನ್ನ ಟೈಮಿಗೇ ಬರುತ್ತದಂತೆ. ಅಂದರೆ ಇದು ನಾಲ್ಕು ತಿಂಗಳ ಮರಿ. ಇರಬೇಕಾದದ್ದು ಹತ್ತಿರಹತ್ತಿರ 1.8 ಕೆಜಿ, ಇದ್ದದ್ದು ಅದರ ಅರ್ಧ. ವಯಸ್ಸನ್ನು ಅರ್ಧ ಮಾಡಿ ಹೇಳಿದ್ದರಿಂದ ತೂಕ ತಾನಾಗಿ ಚಾರ್ಟಿಗೆ ಕೂತುಬಿಟ್ಟಿತ್ತು.

ಹೊಟ್ಟೆಯೊಳಗೆ ಇದ್ದದ್ದು ಜಂತುಹುಳು. ಮಲ ಪರೀಕ್ಷೆಯಲ್ಲಿ ಮೊಟ್ಟೆಗಳು ಸಿಕ್ಕವು. ಇದು ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ, ಅದಕ್ಕೇ ಮೂರು ವಾರದ ಆಸುಪಾಸಿನಿಂದಲೇ ಹುಳುವಿನ ಔಷಧಿ ಶುರು ಮಾಡಿ, ಎರಡೆರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ನಮ್ಮ ಮರಿಗೆ ಒಮ್ಮೆಯೂ ಕೊಟ್ಟಿರಲಿಲ್ಲ ಅನ್ನೋದು ಡಾಕ್ಟರ್ ಊಹೆ. ಔಷಧಿಯ ಪ್ರಮಾಣ ಇವತ್ತಿನ ತೂಕದ ಮೇಲೆ ಇರುತ್ತದೆ, ಹಾಗಾಗಿ ಕಣ್ಣಳತೆಯಲ್ಲಿ ಕೊಡಬೇಡಿ. 

ಮರಿ ನೋಡಲು ಹೋದಾಗ ಕಣ್ಣಿಗಿಂತ ಕೈಯನ್ನು ನಂಬಿ. ಎದೆಯ ಎರಡೂ ಪಕ್ಕಕ್ಕೆ ಬೆರಳಿಟ್ಟು ಮೆಲ್ಲಗೆ ಸವರಿದರೆ ಪಕ್ಕೆಲುಬು ಸಿಗಬೇಕು, ಆದರೆ ಅದರ ಮೇಲೊಂದು ತೆಳು ಪದರ ಇರಬೇಕು. ಮೂಳೆ ನೇರ ಕೈಗೆ ಹತ್ತಿದರೆ ಸಣಕಲು, ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಜಾಸ್ತಿ. ಊಟವಾದ ಮೇಲೆ ಮರಿಯ ಹೊಟ್ಟೆ ಸ್ವಲ್ಪ ಉಬ್ಬುವುದು ಮಾಮೂಲಿ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಯಾವಾಗ ನೋಡಿದರೂ ಹೊಟ್ಟೆ ಉಬ್ಬಿಕೊಂಡೇ ಇದ್ದು ಬೆನ್ನು ಮೂಳೆಮೂಳೆ ಆಗಿದ್ದರೆ ಮಾತ್ರ ಸುಮ್ನೆ ಕೂರಬೇಡಿ. ಹುಳು ಅಲ್ಲದೆ ಹೊಟ್ಟೆಯಲ್ಲಿ ನೀರು ತುಂಬುವ ದೊಡ್ಡ ಕಾಯಿಲೆಗಳೂ ಇವೆ. ಒಸಡು ಬಿಳಿಚಿದ್ದರೆ ಇನ್ನೂ ಬೇಗ ಹೋಗಿ.

ಒಂದು ದಿನದ ತೂಕದಿಂದ ಏನೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಹಾಲು ಕುಡಿಯುವ ಎಳೇ ಮರಿಯಾದರೆ ದಿನಾ ತೂಗಬೇಕು, ಒಂದು ದಿನ ಏರದೆ ನಿಂತರೂ ಅದು ಎಚ್ಚರದ ಗಂಟೆ. ಇನ್ನು ಗಂಡು ಹೆಣ್ಣು, ಜಾತಿ ಅಂತ ತೂಕದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಮೇನ್ ಕೂನ್ ಅನ್ನೋ ದೊಡ್ಡ ಮೈಯ ಜಾತಿಯ ಮರಿಯ ಪಕ್ಕ ನಿಮ್ಮದನ್ನು ಇಟ್ಟು ಗಾಬರಿ ಆಗಬೇಡಿ.

ಸಣಕಲು ಅಂತ ಗೊತ್ತಾದ ಕೂಡಲೇ ತಟ್ಟೆ ತುಂಬಾ ಸುರಿಯುವುದೂ ತಪ್ಪು. ನಮಗೆ ಹೇಳಿದ್ದು ಸ್ವಲ್ಪಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ ಕೊಡಿ, ಮರಿಗಳಿಗೆಂದೇ ಇರುವ ಆಹಾರ ಕೊಡಿ, ಹಸುವಿನ ಹಾಲು ಬೇಡ ಅಂತ. ಹಾಲಿನಿಂದ ಭೇದಿ ಶುರುವಾದರೆ ಇದ್ದ ತೂಕವೂ ಹೋಗುತ್ತದೆ. ಹುಳು ಹೋದ ಮೇಲೆ ಹೊಟ್ಟೆ ಇಳಿದು ಕೆಲವು ದಿನ ತೂಕ ನಿಂತಲ್ಲೇ ನಿಂತಿತ್ತು, ಆಮೇಲೆ ಏರತೊಡಗಿತು. ಈಗ ಬೆನ್ನಿನ ಗಂಟುಗಳು ಸುಲಭಕ್ಕೆ ಸಿಗುವುದಿಲ್ಲ.

ಮರಿ ತರುವ ಮುಂಚೆ ಮೂರು ಕೇಳಿ: ಮೇಲಿನಿಂದ ತೆಗೆದ ವಿಡಿಯೋ, ತುಟಿ ಎತ್ತಿ ತೆಗೆದ ಹಲ್ಲಿನ ಫೋಟೋ, ಹುಳುವಿನ ಔಷಧಿ ಕೊಟ್ಟ ತಾರೀಖು. ಕೊಡಲು ಕುಂಟುನೆಪ ಹೇಳಿದರೆ ಬೇರೆ ಕಡೆ ನೋಡಿ. ತಂದ ದಿನವೇ ಮರಿ ಸ್ಕೇಲ್ ಮೇಲಿರುವಾಗ ಅಂಕಿ ಕಾಣುವಂತೆ ಫೋಟೋ ತೆಗೆದಿಡಿ. ನಾವು ವಿಷಯ ತಿಳಿಸಿದಾಗ ಕೊಟ್ಟವರು ಹೇಳಿದ್ದು, "ನಮ್ಮಲ್ಲಿ ದಷ್ಟಪುಷ್ಟವಾಗಿತ್ತು, ನಿಮ್ಮ ಮನೆಗೆ ಬಂದ ಮೇಲೇ ಇಳಿದಿರೋದು" ಅಂತ. ಆ ಸಂಜೆಯ 910 ಗ್ರಾಂ ಫೋಟೋ ಕಳಿಸಿದ ಮೇಲೆ ನಮ್ಮ ನಂಬರ್ ಬ್ಲಾಕ್ ಆಯಿತು.